ಆ 40.6 ಅನ್ನು ಯಾಕಪ್ಪಾ ಅಳಿಸಿದೆ?

ಬೆಳಿಗ್ಗೆ ಲ್ಯಾಬಿನಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಸರಳ ಲೋಲಕದ ಪ್ರಯೋಗ: ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ಗುರುತ್ವ ವೇಗೋತ್ಕರ್ಷ g ಕಂಡುಹಿಡಿಯುವುದು. ಪುಸ್ತಕದಲ್ಲಿರುವ ಬೆಲೆ 9.8. ಫಸ್ಟ್ ಪಿಯು ಹುಡುಗ, ಬಲು ಶ್ರದ್ಧೆಯವನು. ಉದ್ದ 100 ಸೆಂ.ಮೀ., 20 ಆಂದೋಲನಕ್ಕೆ 40.6 ಸೆಕೆಂಡ್. ಮತ್ತೆ ಎರಡು ಸಲ ನೋಡಿದ, ಅಷ್ಟೇ ಬಂತು. ಲೆಕ್ಕ ಹಾಕಿದರೆ g 9.58. ಪಕ್ಕದವನ ಪುಸ್ತಕಕ್ಕೆ ಇಣುಕಿದ, ರಬ್ಬರ್ ತೆಗೆದ, ಮೂರನ್ನೂ ಅಳಿಸಿ 40.1 ಅಂತ ಬರೆದ. ಈಗ ಉತ್ತರ 9.8204.

"ಯಾಕಪ್ಪಾ ಅಳಿಸಿದೆ?"

"9.8 ಬರದಿದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ ಸರ್."

ನನಗೆ ಅವನ ಮೇಲಲ್ಲ, ಹೀಗೆ ಹೇಳಿಕೊಟ್ಟವರ ಮೇಲೆ ಸಿಟ್ಟು ಬಂತು.

ಅವನು ಅಳಿಸಿದ್ದು ಸರಿಯಾದ ರೀಡಿಂಗನ್ನೇ! ಜೊತೆಯಲ್ಲಿ ಕೂತು ನೋಡಿದೆ. ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯಬೇಕು, ಇವನು ಮೇಲಿನ ಕಾರ್ಕಿನಿಂದ ಗುಂಡಿನ ಕೊಕ್ಕೆಯವರೆಗೆ ಮಾತ್ರ ದಾರ ಅಳೆದಿದ್ದ. ಕೊಕ್ಕೆ, ಗುಂಡಿನ ತ್ರಿಜ್ಯ ಎರಡೂ ಸೇರಿ 2 ಸೆಂ.ಮೀ. ಬಿಟ್ಟುಹೋಗಿತ್ತು. 102 ಹಾಕಿ, ಅದೇ 40.6 ಇಟ್ಟು ಲೆಕ್ಕ ಮಾಡಿಸಿದೆ: 9.77. ನಮ್ಮ ಬೆಂಗಳೂರಲ್ಲಿ g ಇರುವುದೇ 9.78ರ ಸುಮಾರು. ಹುಡುಗನ ಮುಖ ನೋಡಬೇಕಿತ್ತು ನೀವು.

ಇಂಥ ದೋಷ ನೂರು ಸಲ ಅಳೆದು ಸರಾಸರಿ ತೆಗೆದರೂ ಹೋಗುವುದಿಲ್ಲ, ಪ್ರತಿ ಸಲವೂ ಒಂದೇ ಕಡೆಗೆ ಎಳೆಯುತ್ತದೆ. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡ ಬೇರೆ ಥರದ್ದು, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಅದು 0.2 ಸೆಕೆಂಡ್ ಅಂತಿಟ್ಟುಕೊಳ್ಳಿ. 40 ಸೆಕೆಂಡಿನಲ್ಲಿ ಅದು ಅರ್ಧ ಶೇಕಡಾ, ಸೂತ್ರದಲ್ಲಿ T, ಅಂದರೆ ಒಂದು ಆಂದೋಲನದ ಕಾಲ, ವರ್ಗವಾಗುವುದರಿಂದ g ಯಲ್ಲಿ ಒಂದು ಶೇಕಡಾ. ಅಂದರೆ ಆಚೀಚೆ 0.1. ಹಾಗಿರುವಾಗ 9.8204 ಅಂತ ನಾಲ್ಕು ದಶಾಂಶ ಬರೆಯಲು ಯಾರಿಗೂ ಹಕ್ಕಿಲ್ಲ.

"ಕಾಲೇಜಿನ ಉಪಕರಣವೇ ಸವೆದಿದೆ, ಹೊಂದಿಸಿ ಬರೆಯದೆ ಇನ್ನೇನು ಮಾಡೋದು" ಅನ್ನುವವರಿದ್ದಾರೆ. ಒಪ್ಪಲಾರೆ. ಗುಂಡಿನ ವ್ಯಾಸ ಅಳೆಯುವ ವರ್ನಿಯರ್ ಸವೆದಿದ್ದರೆ ದವಡೆ ಮುಚ್ಚಿ ಝೀರೋ ಎರರ್ (ಸೊನ್ನೆ ಇರಬೇಕಾದಲ್ಲಿ ತೋರಿಸುವ ತಪ್ಪು) ನೋಡಿ, ಬರೆದುಕೊಂಡು ಕಳೆಯಿರಿ. ಉಪಕರಣದ ಕುಂದನ್ನೂ ಅಳೆಯಬಹುದು. ಅಳಿಸಿದ ರೀಡಿಂಗನ್ನು ಮಾತ್ರ ಯಾರೂ ವಾಪಸ್ ತರಲಾರರು.

ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ ಏನು ಮಾಡಿದರು ನೆನಪಿಸಿಕೊಳ್ಳಿ. ಗಾಳಿಯಿಂದ ತೆಗೆದ ನೈಟ್ರೋಜನ್ ಲೀಟರಿಗೆ 1.257 ಗ್ರಾಂ, ರಾಸಾಯನಿಕವಾಗಿ ತಯಾರಿಸಿದ್ದು 1.251. ಅರ್ಧ ಶೇಕಡಾ ವ್ಯತ್ಯಾಸ! ನಮ್ಮ ಮಕ್ಕಳ ಕೈಯಲ್ಲಿದ್ದರೆ ರಬ್ಬರಿಗೆ ಹೋಗುತ್ತಿತ್ತು. ಅವರು ಅದನ್ನು ಬಿಡಲಿಲ್ಲ. ರಸಾಯನಶಾಸ್ತ್ರಜ್ಞ ರ‍್ಯಾಮ್ಸೆ ಜೊತೆಗೂಡಿದರು, 1894ರಲ್ಲಿ ಗಾಳಿಯ ನೈಟ್ರೋಜನ್ನಿನಲ್ಲಿ ಅಡಗಿದ್ದ ಭಾರದ ಅನಿಲ ಆರ್ಗಾನ್ ಸಿಕ್ಕಿತು, 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಪ್ರಾಕ್ಟಿಕಲ್ ಪರೀಕ್ಷೆಗೆ ಹೋಗುವ ಸಹೋದ್ಯೋಗಿಗಳಲ್ಲಿ ಒಂದೇ ಕೋರಿಕೆ. 9.58 ಬರೆದ ಮಗುವಿನ ಮಾರ್ಕ್ಸ್ ಕಳೆಯುವ ಮೊದಲು, ಉದ್ದ ಎಲ್ಲಿಂದ ಎಲ್ಲಿಗೆ ಅಳೆದೆ ಅಂತ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಂದು ಮಾತು ಕೇಳಿ.