ನೆಂಟನಿಗೆ ಸ್ಟಿಯರಿಂಗ್, ಬಾಡಿಗೆದಾರನಿಗೆ ಟೋಕನ್

ಈ ಊರಿಗೆ ನಾನು ಮೊದಲ ಸಲ ಬಂದಿದ್ದು ನೆಂಟನಾಗಿ, ಹತ್ತು ದಿನದ ಮಟ್ಟಿಗೆ. ಜೇಬಿನಲ್ಲಿ ನಮ್ಮ ದೇಶದ ಲೈಸೆನ್ಸ್ ಇತ್ತು, ಜೊತೆಗೆ ಅಂತರರಾಷ್ಟ್ರೀಯ ಪರ್ಮಿಟ್ ಅನ್ನೋ ಒಂದು ಪುಟ್ಟ ಪುಸ್ತಕ. ಕಾರು ಬಾಡಿಗೆಗೆ ಕೊಡುವವನು ಎರಡನ್ನೂ ತಿರುವಿ ನೋಡಿ ಕೀಲಿ ಕೈಗಿಟ್ಟ. ಊರಿನ ಒಂದು ರಸ್ತೆಯೂ ನನಗೆ ಗೊತ್ತಿರಲಿಲ್ಲ. ವೈಪರ್ ಅಂತ ಇಂಡಿಕೇಟರ್ ಹಾಕಿದೆ, ಇಂಡಿಕೇಟರ್ ಅಂತ ವೈಪರ್ ಹಾಕಿದೆ, ಒಂದು ಸರ್ಕಲ್ಲಿನಲ್ಲಿ ಹೊರಗೆ ಬರುವ ದಾರಿ ತಿಳಿಯದೆ ಪ್ರದಕ್ಷಿಣೆ ಹಾಕುತ್ತಲೇ ಇದ್ದೆ. ಆದರೂ ಕಾನೂನಿನ ಪ್ರಕಾರ ನಾನು ಪಕ್ಕಾ ಡ್ರೈವರ್.

ಆಮೇಲೆ ಇದೇ ಊರಿನಲ್ಲಿ ಕೆಲಸ ಸಿಕ್ಕಿತು. ಮನೆ ಮಾಡಿದೆ. ರಸ್ತೆಗಳು ಬಾಯಿಪಾಠವಾದವು, ಯಾವ ಸಿಗ್ನಲ್ ಎಷ್ಟು ಹೊತ್ತು ನಿಲ್ಲಿಸುತ್ತೆ ಅಂತಲೂ ಗೊತ್ತಾಯಿತು. ಅಷ್ಟು ಹೊತ್ತಿಗೆ ನನಗೆ ಡ್ರೈವಿಂಗ್ ಮರೆತು ಹೋಗಿತ್ತಂತೆ. ಲೈಸೆನ್ಸ್ ಕಚೇರಿಯವರೇ ಹೇಳಿದ್ದು.

ತಮಾಷೆಗೆ ಹೇಳುತ್ತಿಲ್ಲ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದ ಅಂತ ಒಂದಿದೆ. ಒಂದು ದೇಶದ ಲೈಸೆನ್ಸನ್ನು ಇನ್ನೊಂದು ದೇಶ ಒಪ್ಪಬೇಕು ಅಂತ ಅದರ 41ನೇ ವಿಧಿ ಹೇಳುತ್ತದೆ. ಒಳ್ಳೆಯದೇ ಅಲ್ವಾ? ಆದರೆ ಅದೇ ವಿಧಿಯಲ್ಲಿ ಸ್ವಲ್ಪ ಕೆಳಗೆ, ಆ ಮನುಷ್ಯ ವಾಸವನ್ನೇ ನಿಮ್ಮ ದೇಶಕ್ಕೆ ಬದಲಾಯಿಸಿಕೊಂಡರೆ ಅವನ ಲೈಸೆನ್ಸನ್ನು ನೀವು ಒಪ್ಪಬೇಕಾಗಿಲ್ಲ ಅಂತಲೂ ಇದೆ. ಕೆಲವು ಕಡೆ ಕೆಲವು ತಿಂಗಳು ಬಿಡುವು ಕೊಡುತ್ತಾರೆ, ಅಷ್ಟೇ. ಸೂಟ್‌ಕೇಸ್ ಮಂಚದ ಪಕ್ಕ ಇರುವ ತನಕ ನಿಮಗೆ ಗಾಡಿ ಓಡಿಸಲು ಬರುತ್ತದೆ. ಬಟ್ಟೆ ಬೀರುವಿಗೆ ಹೋದ ದಿನದಿಂದ ನಿಮ್ಮ ಕಾಲಿಗೆ ಕ್ಲಚ್ಚು ಯಾವುದು ಬ್ರೇಕು ಯಾವುದು ಅಂತ ಅನುಮಾನ ಶುರು!

ಸರಿ, ಹೊಸ ಲೈಸೆನ್ಸೇ ಮಾಡಿಸೋಣ ಅಂತ ಹೊರಟೆ. ಕಚೇರಿ ಇರುವುದು ಊರಿನ ತುತ್ತತುದಿಯಲ್ಲಿ. ಬಸ್ಸು ಅದಕ್ಕಿಂತ ಮೂರು ಕಿಲೋಮೀಟರ್ ಮೊದಲೇ ತಿರುಗಿಕೊಂಡು ವಾಪಸ್ ಹೋಗುತ್ತದೆ. ಕಾರಿದ್ದವರಿಗೆ ಇಪ್ಪತ್ತು ನಿಮಿಷದ ದಾರಿ. ಕಾರು ಓಡಿಸಲು ಲೈಸೆನ್ಸ್ ಬೇಕು, ಲೈಸೆನ್ಸ್ ತರಲು ಕಾರು ಬೇಕು. ನಾನು ನಡೆದೆ.

ಕೌಂಟರಿನಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಒಬ್ಬ ಮೇಡಂ. ನನ್ನ ಹಳೆಯ ಲೈಸೆನ್ಸು, ಹದಿನಾಲ್ಕು ವರ್ಷ ಗಾಡಿ ಓಡಿಸಿದ ಅನುಭವ, ಒಂದು ಸಲವೂ ದಂಡ ಕಟ್ಟದ ದಾಖಲೆ, ಎಲ್ಲವನ್ನೂ ಭಕ್ತಿಯಿಂದ ಮುಂದಿಟ್ಟೆ. ಅವರು ಅದರಲ್ಲಿ ಒಂದನ್ನೂ ಮುಟ್ಟಲಿಲ್ಲ.

"ಅಡ್ರೆಸ್ ಪ್ರೂಫ್?"

ಮನೆಯ ಕರಾರು ಪತ್ರ ಕೊಟ್ಟೆ. ಅದು ಆಗಲ್ಲ, ಅದರ ಮೇಲೆ ಮೊಹರು ಇಲ್ಲ. ಕರೆಂಟ್ ಬಿಲ್ ಕೊಟ್ಟೆ. ಅದು ಮನೆ ಮಾಲೀಕರ ಹೆಸರಿನಲ್ಲಿದೆ. ಬಿಲ್ಲನ್ನು ನನ್ನ ಹೆಸರಿಗೆ ಮಾಡಿಸಿಕೊಂಡು ಬರುತ್ತೇನೆ ಅಂದೆ. ಮಾಡಿಸಿ, ಅದಕ್ಕೆ ಇಲ್ಲಿನ ಗುರುತಿನ ಚೀಟಿ ಕೇಳುತ್ತಾರೆ ಅಂದರು. ಯಾವ ಚೀಟಿ ಆಗುತ್ತೆ ಮೇಡಂ?

"ಡ್ರೈವಿಂಗ್ ಲೈಸೆನ್ಸ್ ಆಗುತ್ತೆ."

ನಗಲಿಲ್ಲ ಪುಣ್ಯಾತ್ಗಿತ್ತಿ. ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ ಅಂತ ನಮ್ಮವರು ಹೇಳಿದ್ದು ಇಂಥ ಕೌಂಟರ್ ಮುಂದೆ ನಿಂತೇ ಇರಬೇಕು. ಅರ್ಜಿಯನ್ನು ಎರಡು ಬೆರಳಲ್ಲಿ ನನ್ನ ಕಡೆಗೆ ತಳ್ಳಿದರು. ನಾನು ಅದನ್ನು ಮತ್ತೆ ಅವರ ಕಡೆಗೆ ತಳ್ಳಿದೆ. ಹೀಗೆ ಎರಡು ಸುತ್ತು ಕೇರಂ ಆಡಿದ ಮೇಲೆ ಅವರೇ ಸೋತು ಅರ್ಜಿ ತೆಗೆದುಕೊಂಡರು, ಪೋಸ್ಟಿನಲ್ಲಿ ಉತ್ತರ ಬರುತ್ತೆ ಹೋಗಿ ಅಂದರು.

ಈ ಲೈಸೆನ್ಸಿನ ಜಾತಕವೇ ಹೀಗೆ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಕಾರನ್ನು ರಸ್ತೆಗೆ ಇಳಿಸಿದಾಗ ಸದ್ದು, ವಾಸನೆ ಅಂತ ಜನ ದೂರು ಹೇಳಿದ್ದರು. 1888ರಲ್ಲಿ ಅವನು ಅಧಿಕಾರಿಗಳಿಂದ ಲಿಖಿತ ಅನುಮತಿ ತೆಗೆದುಕೊಳ್ಳಬೇಕಾಯಿತು. ಜಗತ್ತಿನ ಮೊದಲ ಡ್ರೈವಿಂಗ್ ಲೈಸೆನ್ಸ್ ಅಂತ ಅದನ್ನೇ ಹೇಳುತ್ತಾರೆ. ಕಾರು ಕಂಡುಹಿಡಿದವನಿಗೇ ಕಾಗದ ಬೇಕಾಯಿತು ಅಂದಮೇಲೆ ನಾವೆಲ್ಲ ಯಾವ ಲೆಕ್ಕ. ಅದೇ ವರ್ಷದ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ಥಾ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನಕ, ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಕಾರು ಓಡಿಸಿಕೊಂಡು ತಾಯಿಯ ಮನೆಗೆ ಹೋದಳು. ದಾರಿಯಲ್ಲಿ ಪೆಟ್ರೋಲ್ ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಸರಿ ಮಾಡಿದಳು. ತವರಿಗೆ ಹೊರಟ ಹೆಂಗಸಿಗೆ ಅಡ್ರೆಸ್ ಪ್ರೂಫ್ ಕೇಳುವ ಧೈರ್ಯ ಯಾರಿಗಿದ್ದೀತು?

ಬ್ರಿಟನ್ನಿನವರು ಇನ್ನೂ ಮಜಾ ಮಾಡಿದ್ದಾರೆ. 1903ರ ಕಾಯ್ದೆಯಲ್ಲಿ ಲೈಸೆನ್ಸ್ ಕಡ್ಡಾಯ ಮಾಡಿದರು, ಪರೀಕ್ಷೆ ಮಾತ್ರ ಇಟ್ಟಿರಲಿಲ್ಲ. ಫೀಸು ಕಟ್ಟಿ, ಕಾಗದ ತಗೊಂಡು, ಗಾಡಿ ಹತ್ತಿ! ಪರೀಕ್ಷೆ ಕಡ್ಡಾಯವಾಗಿದ್ದು 1935ರ ಜೂನ್ 1ಕ್ಕೆ. ಅದರ ಹಿಂದಿನ ವರ್ಷ ಅಲ್ಲಿನ ರಸ್ತೆಗಳಲ್ಲಿ 7,343 ಜನ ಸತ್ತಿದ್ದರು. ಹಾಗಾದರೆ ಎಲ್ಲರಿಗೂ ಪರೀಕ್ಷೆ ಮಾಡಿದರಾ? ಇಲ್ಲ, 1934ರ ಏಪ್ರಿಲ್ 1ಕ್ಕೆ ಮೊದಲೇ ಲೈಸೆನ್ಸ್ ಇದ್ದವರಿಗೆ ಮಾಫಿ. ಅಂದರೆ ಅಷ್ಟೂ ಸಾವು ನೋಡಿದ ರಸ್ತೆಯಲ್ಲಿ ಆಗಲೇ ಗಾಡಿ ಓಡಿಸುತ್ತಿದ್ದವರು ಬಲ್ಲವರು, ಹೊಸದಾಗಿ ಬರುವವನ ಮೇಲೆ ಒಂದು ಕಣ್ಣು. ಹೊಸಬನನ್ನು ಕಂಡರೆ ಎಲ್ಲ ಕಡೆಯೂ ಇದೇ ಅನುಮಾನ. ಇನ್ನೊಂದು ವಿಷಯ, ಆಗ ಪರೀಕ್ಷಾ ಕೇಂದ್ರಗಳೇ ಇರಲಿಲ್ಲ, ಪಾರ್ಕಿನ ಹತ್ತಿರವೋ ರೈಲ್ವೆ ಸ್ಟೇಷನ್ ಹತ್ತಿರವೋ ಭೇಟಿಯಾಗಿ ಟೆಸ್ಟ್ ಶುರು ಮಾಡುತ್ತಿದ್ದರು. ಪರೀಕ್ಷೆ ಮಾಡುವವರಿಗೇ ಅಡ್ರೆಸ್ ಇಲ್ಲದ ಆ ಕಾಲದಲ್ಲಿ ನಾನು ಹುಟ್ಟಬಾರದಿತ್ತೇ!

ಮೂರು ವಾರದ ಮೇಲೆ ಕಚೇರಿಯಿಂದ ಪತ್ರ ಬಂತು. ದಪ್ಪ ಕವರು, ಮೇಲೆ ಮುದ್ರೆ. ನೀವು ಈ ವಿಳಾಸದಲ್ಲಿ ವಾಸವಾಗಿದ್ದೀರಿ ಎಂಬುದಕ್ಕೆ ಪುರಾವೆ ಇಲ್ಲದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ ಅಂತ ಬರೆದಿತ್ತು. ಬಂದಿದ್ದು ಅದೇ ವಿಳಾಸಕ್ಕೆ. ನನ್ನ ಹೆಸರಿಗೆ. ನಾನೇ ಬಾಗಿಲು ತೆಗೆದು ಸಹಿ ಹಾಕಿ ತಗೊಂಡೆ.

ಅವರ ನಿಯಮಗಳ ಪಟ್ಟಿ ತೆಗೆದು ಇನ್ನೊಮ್ಮೆ ಓದಿದೆ. ಒಪ್ಪುವ ದಾಖಲೆಗಳಲ್ಲಿ ಏಳನೆಯದು: ಅರ್ಜಿದಾರರ ಹೆಸರು ಮತ್ತು ವಿಳಾಸವಿರುವ, ಮೂರು ತಿಂಗಳೊಳಗಿನ ಸರ್ಕಾರಿ ಪತ್ರ. ಮಾರನೇ ದಿನ ಆ ತಿರಸ್ಕಾರ ಪತ್ರವನ್ನೇ, ಎರಡು ಜೆರಾಕ್ಸ್ ಸಮೇತ, ಮೇಡಂ ಮುಂದಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ತಮ್ಮದೇ ಸಹಿ.

"ಇದು ಆಗುತ್ತೆ" ಅಂದರು.

ಡ್ರೈವಿಂಗ್ ಟೆಸ್ಟಿನ ಬಗ್ಗೆ ಹೇಳಲು ಜಾಸ್ತಿ ಏನೂ ಇಲ್ಲ. ಲೈಸೆನ್ಸ್ ಇಲ್ಲದವನು ಟೆಸ್ಟಿಗೆ ಕಾರು ತಾನೇ ತರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವ ಒಬ್ಬರನ್ನು ಕೂರಿಸಿಕೊಂಡು ಬರಬೇಕು. ಊರಿಗೆ ಹೊಸಬನಿಗೆ ಅಂಥವರು ಎಲ್ಲಿಂದ ಸಿಗಬೇಕು? ಮನೆ ಮಾಲೀಕರನ್ನೇ ಕಾಡಿ ಬೇಡಿ ಕರೆದುಕೊಂಡು ಹೋದೆ. ಪರೀಕ್ಷಕರು ಪೆನ್ಸಿಲ್ ಹಿಡಿದು ಕೂತಿದ್ದರು. ಕನ್ನಡಿಯನ್ನು ಕಣ್ಣಲ್ಲಿ ನೋಡಿದರೆ ಸಾಲದು, ಕತ್ತಲ್ಲಿ ನೋಡಬೇಕು ಅಂತ ತಿಳಿದವರು ಮೊದಲೇ ಹೇಳಿದ್ದರು. ಹಾಗಾಗಿ ಬಯಲಾಟದ ರಾಜನ ಹಾಗೆ ಎಡಕ್ಕೆ ಬಲಕ್ಕೆ ಕತ್ತು ಹೊರಳಿಸಿ, ಯಾರೂ ಇಲ್ಲದ ಖಾಲಿ ಮೈದಾನದಲ್ಲಿ, ಎರಡು ಪ್ಲಾಸ್ಟಿಕ್ ಕೋನ್‌ಗಳ ನಡುವೆ ರಿವರ್ಸ್ ನಿಲ್ಲಿಸಿದೆ. ಪಾಸ್. ಊರಿನ ಒಳಗೆ ಅಷ್ಟು ಅಗಲದ ಖಾಲಿ ಜಾಗವನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಲೈಸೆನ್ಸ್ ಬಂದು ಒಂದೂವರೆ ವರ್ಷವಾಯಿತು. ಫೋಟೋದಲ್ಲಿ ಪೊಲೀಸರು ಹುಡುಕುತ್ತಿರುವವನ ಹಾಗೆ ಕಾಣುತ್ತೇನೆ, ಸುಮ್ನೆ ಬಿಡಿ. ಕಾರು ತಗೊಂಡಿಲ್ಲ, ನಿಲ್ಲಿಸಲು ಜಾಗವಿಲ್ಲ. ಬಸ್ಸೇ ಗತಿ. ಆದರೆ ಆ ಕಾರ್ಡು ಮಾತ್ರ ಒಂದು ದಿನವೂ ಸುಮ್ಮನೆ ಕೂತಿಲ್ಲ: ಬ್ಯಾಂಕಿಗೆ, ಸಿಮ್ಮಿಗೆ, ಪಾರ್ಸೆಲ್ ಬಿಡಿಸಿಕೊಳ್ಳಲು, ಲೈಬ್ರರಿಗೆ. ಹೋದ ತಿಂಗಳು ಕರೆಂಟ್ ಕಚೇರಿಗೂ ಹೋಗಿದ್ದೆ. ಲೈಸೆನ್ಸ್ ನೋಡಿದ ತಕ್ಷಣ ಕೂರಿ ಸರ್ ಅಂದರು, ಹತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು.

ಈಗ ಬಿಲ್ಲು ನನ್ನ ಹೆಸರಿನಲ್ಲೇ ಬರುತ್ತಿದೆ.