ಒಣದ್ರಾಕ್ಷಿ ಕುಕೀಸ್: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

‘ಸಕ್ಕರೆಯ ಬದಲು ಒಣದ್ರಾಕ್ಷಿ, ಖರ್ಜೂರ ಹಾಕಿ ಮನೆಯಲ್ಲೇ ಮಾಡಿದ ಕುಕೀಸಿನಲ್ಲಿ ಸಕ್ಕರೆಯೇ ಇರುವುದಿಲ್ಲ, ಮಧುಮೇಹ ಇರುವವರು ಎಷ್ಟಾದರೂ ತಿನ್ನಬಹುದು’ ಎಂಬ ಸಂದೇಶ ಚಿಕ್ಕಬಳ್ಳಾಪುರದ ನಮ್ಮ ವಾಟ್ಸಾಪ್ ಬಳಗಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ನಮ್ಮ ಸುತ್ತಲಿನ ತೋಟಗಳಲ್ಲಿ ಬೆಳೆಯುವ ದ್ರಾಕ್ಷಿಯ ತೂಕದಲ್ಲಿ ಸುಮಾರು ಶೇ. 80ರಷ್ಟು ನೀರೇ ಇರುತ್ತದೆ. ಒಣಗಿಸಿದಾಗ ಹೋಗುವುದು ಆ ನೀರು ಮಾತ್ರ, ಹಣ್ಣಿನ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸಕ್ಕರೆಗಳು ಉಳಿದುಕೊಂಡು ಸಾಂದ್ರವಾಗುವುದರಿಂದ, 100 ಗ್ರಾಂ ತಾಜಾ ದ್ರಾಕ್ಷಿಯಲ್ಲಿ 16 ಗ್ರಾಂ ಆಸುಪಾಸಿನಲ್ಲಿರುವ ಸಕ್ಕರೆ ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ ಸುಮಾರು 60 ಗ್ರಾಂ ಆಗುತ್ತದೆ. ಓವನ್ನಿನಲ್ಲಿ ಬೇಯಿಸಿದರೂ ಅದು ಮಾಯವಾಗುವುದಿಲ್ಲ. ಹಿಟ್ಟಿನಿಂದ ಹೊರಚಾಚಿದ ದ್ರಾಕ್ಷಿ ಉಬ್ಬಿ, ಕಪ್ಪಾಗಿ, ಟ್ರೇಗೆ ಅಂಟಿಕೊಳ್ಳುವುದನ್ನು ಮಾಡಿದವರು ನೋಡಿಯೇ ಇರುತ್ತಾರೆ. ಅಂಟುವುದು ಆ ಸಕ್ಕರೆಯೇ. ಮೈದಾ ಬಿಟ್ಟು ರಾಗಿ ಹಿಟ್ಟು ಬಳಸಿದರೂ ಅದರ ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ.

ಒಣಹಣ್ಣಿನಲ್ಲಿ ನಾರಿನಂಶ, ಪೊಟ್ಯಾಸಿಯಂ ಇರುವುದು ನಿಜ. ಬೇರೆ ಸಕ್ಕರೆ ಸೇರಿಸದೆ ಮಾಡುವುದೂ ಒಳ್ಳೆಯ ಪದ್ಧತಿಯೇ, ನಾನೂ ಹಾಗೆಯೇ ಮಾಡುತ್ತೇನೆ. ಆದರೆ ಮಧುಮೇಹ ಇರುವವರು ಎಷ್ಟು ತಿನ್ನಬಹುದೆಂಬುದನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಬಳಗದಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.