ಯಾವ ಲಿಮಿಟ್ಸು?

ನಮ್ಮ ಅಕ್ಕನ ಮಗ ಒಂದು ತಿಂಗಳು ಪೊಲೀಸ್ ಆಗಿದ್ದ. ಯೂನಿಫಾರಂ ಇಲ್ಲ, ಲಾಠಿ ಇಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಇಂಟರ್ನ್‌ಶಿಪ್. ಕಾಲೇಜು ಹುಡುಗರು 30 ದಿನದಲ್ಲಿ 120 ಗಂಟೆ ಪೊಲೀಸರ ಜೊತೆ ಇದ್ದು ಕೆಲಸ ಕಲಿಯಲಿ ಅಂತ ಕೇಂದ್ರ ಸರ್ಕಾರದ್ದೇ ಒಂದು ಯೋಜನೆ ಇದೆ. ಮೈ ಭಾರತ್ ಪೋರ್ಟಲ್‌ನಲ್ಲಿ ಹೆಸರು ಹಾಕಬೇಕು, ಕೊನೆಗೆ ಸರ್ಟಿಫಿಕೇಟ್ ಬರುತ್ತೆ. ಅಕ್ಕ ಇದನ್ನು ಓಣಿಗೆಲ್ಲ ಹೇಳಿಕೊಂಡು ಬಂದಳು. ಎದುರು ಮನೆಯವರು ಅವತ್ತಿಂದ ನಮ್ಮ ಗೇಟ್ ಮುಂದೆ ಕಾರು ನಿಲ್ಲಿಸೋದು ಬಿಟ್ಟರು. ಈ ಯೋಜನೆಯಿಂದ ದಾವಣಗೆರೆಯಲ್ಲಿ ಆದ ಕಾನೂನು ಸುವ್ಯವಸ್ಥೆ ನನಗೆ ಗೊತ್ತಿರೋ ಮಟ್ಟಿಗೆ ಇಷ್ಟೇ.

ಹುಡುಗ ಲಾ ಓದ್ತಾನೆ. ಓದೋ ಹುಡುಗ ಅಂದ್ರೆ ಸುಮ್ನೆ ಅಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕ್ರಿಮಿನಲ್ ಕಾನೂನುಗಳ ಕಲಂಗಳನ್ನ ನಿದ್ದೆಯಲ್ಲೂ ಹೇಳ್ತಾನೆ. ಮೊದಲ ದಿನ ಇಸ್ತ್ರಿ ಶರ್ಟ್, ಹೊಸ ನೋಟ್‌ಬುಕ್, ಎರಡು ಪೆನ್ನು. ಮಧ್ಯಾಹ್ನದೊಳಗೆ ಎರಡೂ ಪೆನ್ನು ಹೋದವು. ಠಾಣೆಯೊಳಗೇ ಪೆನ್ನು ಕಳುವಾದರೆ ದೂರು ಎಲ್ಲಿ ಕೊಡೋದು ಮಾಮ ಅಂತ ಕೇಳಿದ. ನಾನೇನು ಹೇಳಲಿ?

ಅವತ್ತೇ ರೈಟರ್ ಸಾಹೇಬರು, ಅಂದ್ರೆ ಠಾಣೆಯ ಬರವಣಿಗೆ ನೋಡಿಕೊಳ್ಳೋರು, 'ಹೋಗಪ್ಪ, ಮುದ್ದೆಮಾಲು ನೋಡ್ಕೊಂಡು ಬಾ' ಅಂದರಂತೆ. ಇವನು ಊಟಕ್ಕೇ ಕರೀತಿದ್ದಾರೆ ಅಂದ್ಕೊಂಡು ಕೈ ತೊಳೆದು ನಿಂತಿದ್ದಾನೆ. ಮುದ್ದೆಮಾಲು ಅಂದ್ರೆ ಕೇಸಿನಲ್ಲಿ ಜಪ್ತಿ ಮಾಡಿದ ಸಾಮಾನು. ಹಿತ್ತಲಲ್ಲಿ ಸಾಲಾಗಿ ಬೈಕುಗಳು. ಟೈರು ಮಣ್ಣಲ್ಲಿ ಹೂತು ಹೋಗಿವೆ. ಒಂದು ಸ್ಪ್ಲೆಂಡರಿನ ಸೀಟು ಸೀಳಿಕೊಂಡು ಬೇವಿನ ಗಿಡ ಎದ್ದಿದೆ, ಅದರ ಕೊಂಬೆಗೇ ಕ್ರೈಂ ನಂಬರಿನ ಚೀಟಿ ಕಟ್ಟಿದ್ದಾರೆ. ಚೀಟಿಗಳ ಅಕ್ಷರ ಬಿಸಿಲಿಗೆ ಹೋಗಿತ್ತು. ಸ್ಕೆಚ್ ಪೆನ್ನಲ್ಲಿ ಅವನ್ನೆಲ್ಲ ಮತ್ತೆ ತಿದ್ದೋದು ಇವನ ಮೊದಲ ವಾರದ ಟ್ರೈನಿಂಗು. ಗಿಡಕ್ಕೆ ನೀರು ಹಾಕೋದೂ ತನಿಖೆಯ ಭಾಗವಾ ಅಂತ ಕೇಳೋಕೆ ಧೈರ್ಯ ಬರಲಿಲ್ಲವಂತೆ.

ಎರಡನೇ ವಾರ ಒಬ್ಬ ಅಜ್ಜಿ ಬಂದರು. ಹರಿಹರದಲ್ಲಿ ಬಸ್ ಹತ್ತಿ ದಾವಣಗೆರೆಯಲ್ಲಿ ಇಳಿಯೋ ಹೊತ್ತಿಗೆ ಯಾರೋ ಚೀಲಕ್ಕೆ ಬ್ಲೇಡ್ ಹಾಕಿ ದುಡ್ಡು ಎತ್ತಿಬಿಟ್ಟಿದ್ದಾರೆ. ಅಜ್ಜಿ ಕೊಯ್ದ ಚೀಲ ಎತ್ತಿ ತೋರಿಸುತ್ತಿದ್ದಾರೆ, ಒಳಗಿಂದ ಎಲೆ ಅಡಿಕೆ ಉದುರುತ್ತಿದೆ. ರೈಟರ್ ಸಾಹೇಬರು ಕೇಳಿದರು:

'ಎಲ್ಲಿ ಕೊಯ್ದರಮ್ಮಾ?'

'ಬಸ್ಸಿನಾಗೆ ಕಣಪ್ಪ.'

'ಬಸ್ಸು ಎಲ್ಲಿತ್ತು ಆವಾಗ? ಯಾವ ಲಿಮಿಟ್ಸು?'

ಬಸ್ಸು ಓಡ್ತಿತ್ತು ಅಂದರು ಅಜ್ಜಿ. ತಪ್ಪು ಬ್ಲೇಡ್ ಹಾಕಿದವನದ್ದೇ ಬಿಡಿ. ಕೊಯ್ಯೋ ಮೊದಲು 'ಅಜ್ಜಿ, ಈಗ ಇಂಥ ಠಾಣೆ ಸರಹದ್ದು ಬಂತು' ಅಂತ ಒಂದು ಮಾತು ಹೇಳಬಾರದಿತ್ತೇ?

ಆಗ ನಮ್ಮ ಹುಡುಗನಿಗೆ ಪುಸ್ತಕ ನೆನಪಾಗಿದೆ. ಎದ್ದು ನಿಂತು, 'ಸರ್, ನಾಗರಿಕ ಸುರಕ್ಷಾ ಸಂಹಿತೆ ಕಲಂ 173ರಲ್ಲಿ ಅಪರಾಧ ಎಲ್ಲೇ ಆಗಿರಲಿ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಅಂತ ಇದೆ, ಝೀರೋ ಎಫ್‌ಐಆರ್ ಮಾಡಿ ಆಮೇಲೆ ಆ ಠಾಣೆಗೆ ಕಳಿಸಿದರಾಯ್ತು, ಎಫ್‌ಐಆರ್ ಕಾಪಿಯನ್ನೂ ಪುಕ್ಕಟೆ ಕೊಡಬೇಕು' ಅಂತ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಾನೆ. ಠಾಣೆ ಗಪ್‌ಚುಪ್. ಫ್ಯಾನ್ ತಿರುಗೋ ಸದ್ದು ಬಿಟ್ಟರೆ ಏನೂ ಇಲ್ಲ. ರೈಟರ್ ಸಾಹೇಬರು ಬಹಳ ಪ್ರೀತಿಯಿಂದ ಕೇಳಿದರು:

'ಟೀ ಕುಡಿತೀಯೇನಪ್ಪಾ?'

'ಹ್ಞೂಂ ಸರ್.'

'ಹಂಗಾದ್ರೆ ಆರು ತಗೊಂಡು ಬಾ.'

ಇವನು ಫ್ಲಾಸ್ಕ್ ಹಿಡಿದು ವಾಪಸ್ ಬರೋ ಹೊತ್ತಿಗೆ ಅಜ್ಜಿ ಇರಲಿಲ್ಲ. ನೆಲದ ಮೇಲೆ ಎರಡು ಅಡಿಕೆ ಹೋಳು ಇದ್ದವಂತೆ.

ರೈಟರನ್ನೂ ಪೂರ್ತಿ ಬೈಯೋಕೆ ಮನಸ್ಸು ಬರಲ್ಲ. ಆ ಮನುಷ್ಯನಿಗೆ ಒಂದು ಕಡೆ ಕಂಪ್ಯೂಟರು, ಒಂದು ಕಡೆ ಕೋರ್ಟಿನ ಸಮನ್ಸು, ಮಧ್ಯೆ ಬಂದೋಬಸ್ತು, ಮನೆಗೆ ಹೋದರೆ ಮಕ್ಕಳೇ ಗುರುತು ಹಿಡಿಯಲ್ಲ ಅನ್ನೋ ಪರಿಸ್ಥಿತಿ. ಪುಕ್ಕಟೆ ಸಿಕ್ಕ ಕೈಯನ್ನ ಯಾರು ಬಿಡ್ತಾರೆ ಹೇಳಿ. ಮಂತ್ರಿಯೊಬ್ಬರು ಬಂದ ದಿನ ಪಿ.ಬಿ. ರೋಡಿನಲ್ಲಿ ಬೆಳಗ್ಗೆಯಿಂದ ಹಗ್ಗದ ಒಂದು ತುದಿ ಹಿಡಿದು ನಿಂತಿದ್ದವನು ನಮ್ಮ ಹುಡುಗನೇ. ಇನ್ನೊಂದು ತುದಿಯನ್ನ ಕರೆಂಟ್ ಕಂಬಕ್ಕೆ ಕಟ್ಟಿದ್ದರು. ಇಬ್ಬರ ಕೆಲಸವೂ ಒಂದೇ, ಕಂಬಕ್ಕೆ ಮಾತ್ರ ಸರ್ಟಿಫಿಕೇಟ್ ಇಲ್ಲ.

ಕಾಲೇಜಿಗೆ ದಿನವಹಿ ಬೇರೆ ಬರೆದು ಕೊಡಬೇಕು. ಅದನ್ನ ಓದಿ ನಾನು ಬೆರಗಾದೆ. ಟೀ ತಂದ ದಿನ 'ಸಿಬ್ಬಂದಿ ಸಮನ್ವಯ'. ಹಗ್ಗ ಹಿಡಿದ ದಿನ 'ಜನಸಂದಣಿ ನಿರ್ವಹಣೆಯ ಪ್ರಾಯೋಗಿಕ ಅಧ್ಯಯನ'. ಚೀಟಿ ತಿದ್ದಿದ್ದು 'ಸಾಕ್ಷ್ಯ ಸಂರಕ್ಷಣೆ'. ಅಜ್ಜಿ ಬಂದ ದಿನದ ಎದುರು 'ಸಾರ್ವಜನಿಕರೊಂದಿಗೆ ಸಂವಾದ' ಅಂತ ಬರೆದಿದ್ದ. ಇಷ್ಟು ಬರೆಯೋಕೆ ಕಲಿತವನು ಮುಂದೆ ಚಾರ್ಜ್‌ಶೀಟನ್ನೂ ಬರೀತಾನೆ ಬಿಡಿ.

ಮೂರನೇ ವಾರದಿಂದ ಮನೆಯಲ್ಲಿ ಹುಡುಗ ಬದಲಾದ. ಸಿಲಿಂಡರ್ ಬುಕ್ ಮಾಡೋ ಅಂತ ಅಕ್ಕ ಹೇಳಿದರೆ ತಲೆ ಎತ್ತದೆ 'ನಾಳೆ ಬಾ' ಅಂದ. ಹೆತ್ತ ತಾಯಿಗೆ! ನನ್ನ ಮೊಬೈಲ್ ಚಾರ್ಜರ್ ಕಾಣ್ತಿಲ್ಲವಲ್ಲೋ ಅಂದೆ. 'ಕೊನೇ ಸಲ ಎಲ್ಲಿ ನೋಡಿದ್ದು ಮಾಮ? ಹಾಲ್ ಲಿಮಿಟ್ಸಾ, ಬೆಡ್‌ರೂಮ್ ಲಿಮಿಟ್ಸಾ?' ಚಾರ್ಜರ್ ಅವನ ಫೋನಿಗೇ ಸಿಕ್ಕಿಸಿಕೊಂಡಿತ್ತು. ಕಲಂ 173 ಏನಪ್ಪಾ ಅಂತ ಬೇಕಂತಲೇ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಅದೆಲ್ಲ ಪುಸ್ತಕದಲ್ಲಿ ಮಾಮ' ಅಂದ.

ಸರ್ಟಿಫಿಕೇಟ್ ಬಂದಿದೆ. ದೊಡ್ಡ ಸೀಲು, ಹಸಿರು ಇಂಕಿನ ಸಹಿ, 'ಕಾರ್ಯಕ್ಷಮತೆ: ಅತ್ಯುತ್ತಮ'. ಅಕ್ಕ ಅವತ್ತೇ ಲ್ಯಾಮಿನೇಷನ್ ಮಾಡಿಸಿದಳು. ಆಮೇಲೆ ನೋಡಿದರೆ ಹುಡುಗನ ಹೆಸರಿನಲ್ಲಿ ಒಂದು ಅಕ್ಷರ ಇಲ್ಲ, ಕಾಲೇಜಿನವರು ಬೇರೆ ಯಾರದೋ ಅಂತ ವಾಪಸ್ ಕಳಿಸಿದ್ದಾರೆ. ತಿದ್ದಿಸಿಕೊಳ್ಳೋಕೆ ಹೋದ. 'ಯಾರು ಟೈಪ್ ಮಾಡಿದ್ದು?' ಅಂತ ರೈಟರ್ ಸಾಹೇಬರು ಕೇಳಿದರು. ಇವನೇ ಟೈಪ್ ಮಾಡಿದ್ದು, ಆ ಬ್ಯಾಚಿನ ಎಲ್ಲರದ್ದನ್ನೂ. ಈಗ ಅರ್ಜಿ ಬರೆದು ಕೊಟ್ಟಿದ್ದಾನೆ. ಸೋಮವಾರ ಬಾ ಅಂದಿದ್ದಾರೆ, ಬರುವಾಗ ಆರು ಟೀ ತಗೊಂಡು.